ಮರುದಾಚಲಂ ಕೇಳಿ ಕೊಂಡ ಕಾರು

ಕೊಯಮತ್ತೂರಿನ ಪೀಳಮೇಡಿನ ಶಾಲೆಯ ಬಾವಿಯ ಪಂಪು ನೀರೆತ್ತುವಾಗಲೆಲ್ಲ ಗೊರಗೊರ ಎನ್ನತೊಡಗಿದ ಮೂರನೆಯ ದಿನ, ಸೈಕಲ್ಲಿನಲ್ಲಿ ಸಣಕಲು ಮೈಯ ಒಬ್ಬರು ಬಂದರು. ಚೀಲವಿಲ್ಲ, ಪೆಟ್ಟಿಗೆಯಿಲ್ಲ, ಸೊಂಟಕ್ಕೆ ಸಿಕ್ಕಿಸಿದ ಮೊಳದುದ್ದದ ಸ್ಕ್ರೂಡ್ರೈವರು ಮಾತ್ರ. ಪಂಪನ್ನು ಓಡಿಸಲು ಹೇಳಿ, ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿನ ಮೈಗೆ ಒತ್ತಿ, ಮರದ ಹಿಡಿಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚಿದರು. ಸುತ್ತ ನಿಂತಿದ್ದ ಉಪಾಧ್ಯಾಯರೆಲ್ಲ ಉಸಿರು ಬಿಗಿಹಿಡಿದರು.

“ಹಿಂದಿನ ಬೇರಿಂಗಿನಲ್ಲಿ ಒಂದು ಗುಂಡು ಸೀಳಿದೆ. ಒಂದೇ ಒಂದು,” ಎಂದರು ಅವರು.

ಬಿಚ್ಚಿ ನೋಡಿದರೆ ಎಂಟು ಗುಂಡುಗಳಲ್ಲಿ ಏಳು ಕನ್ನಡಿಯಂತಿದ್ದವು; ಎಂಟನೆಯದರ ಮೇಲೆ ಕೂದಲೆಳೆಯಷ್ಟು ಬಿರುಕು. ಆ ಗುಂಡು ಸಂಜೆಯವರೆಗೆ ಉಪಾಧ್ಯಾಯರ ಕೋಣೆಯಲ್ಲಿ ಕೈಯಿಂದ ಕೈಗೆ ಓಡಾಡಿತು. ಅದನ್ನು ಕೇಳಿಯೇ ಪತ್ತೆ ಹಚ್ಚಿದ ಮರುದಾಚಲಂ ಅವರಿಗೆ ಆಗ ಮೂವತ್ತು ವರ್ಷವಿದ್ದೀತು.

ಅವರದು ಪೀಳಮೇಡಿನ ಹಿಂಬೀದಿಯಲ್ಲಿ ಕೆಳಗೆ ವರ್ಕ್‌ಷಾಪು, ಮೇಲೆ ಮನೆ. ಪಂಪಿಗೆ ಕಿವಿ ಕೊಡುವುದೇ ಅವರ ಕಸುಬು. ಆದರೆ ಅವರ ಕಿವಿಗೆ ಸಿಕ್ಕದ ಸದ್ದು ಒಂದಿತ್ತು. ಇಪ್ಪತ್ತರ ಹರೆಯದಲ್ಲಿ ಒಬ್ಬ ಮಿಲ್ ಮಾಲೀಕರ ಬಂಗಲೆಗೆ ಕೆಲಸಕ್ಕೆ ಹೋದಾಗ, ಪೋರ್ಟಿಕೋದಲ್ಲಿ ನಿಂತಿದ್ದ ಜರ್ಮನ್ ಕಾರಿನ ಮೇಲೆ ಆಸೆಗೆ ಅಂಗೈ ಇಟ್ಟಿದ್ದರು. ಡ್ರೈವರು, “ಕೈ ತೆಗಿಯೋ, ಎಂಜಿನ್ ಓಡ್ತಿದೆ,” ಎಂದು ಗದರಿದ. ಓಡುತ್ತಿದ್ದ ಯಂತ್ರಕ್ಕೆ ಕೈಯಿಟ್ಟೂ ಅದು ಓಡುತ್ತಿದೆಯೆಂದು ತಿಳಿಯಲಿಲ್ಲವಲ್ಲ! ಆ ಬೆರಗು ನಲವತ್ತು ವರ್ಷ ಅವರೊಳಗೆ ಹಾಗೆಯೇ ಉಳಿಯಿತು.

ಅರವತ್ತೆರಡಕ್ಕೆ ಎಡಗಿವಿ ಪೂರ್ತಿ ಮುಚ್ಚಿತು. ಬಲಗಿವಿ ಇನ್ನು ಎರಡು ಮೂರು ವರ್ಷ ಬಾಳಿಕೆ ಬಂದರೆ ಹೆಚ್ಚು ಎಂದರು ವೈದ್ಯರು. ಅಂದು ರಾತ್ರಿಯೂಟಕ್ಕೆ ಕುಳಿತಾಗ ಮರುದಾಚಲಂ ಹೆಂಡತಿಗೆ ಹೇಳಿದರು, ಅಂಥದೊಂದು ಕಾರು ಕೊಳ್ಳಬೇಕೆಂದು.

ಆ ಸೀಮೆಯ ಹೆಂಗಸರಂತೆ ಗಂಡನನ್ನು ಮಾಮಾ ಎಂದೇ ಕರೆಯುವ ತುಳಸಿಮಣಿ ರಸದ ಸೌಟನ್ನು ಅಲ್ಲಿಯೇ ತಡೆದರು. “ಮಾಮಾ, ಈ ವಯಸ್ಸಲ್ಲಿ ಮದುಮಗನ ಹಾಗೆ ಕಾರಲ್ಲಿ ಎಲ್ಲಿಗೆ ಹೋಗ್ಬೇಕು ನಿಮಗೆ?”

“ಹೋಗೋಕಲ್ಲ ಕಣೇ. ಕೇಳೋಕೆ. ಕಿವಿ ಇರೋವಾಗ್ಲೇ ಅದರೊಳಗೇನಿದೆ ಅಂತ ಒಂದ್ಸಲ ಕೇಳ್ಬೇಕು.”

“ಕೇಳೋಕಾದ್ರೆ ರೇಡಿಯೋ ತಗೊಳ್ಳಿ. ಅಗ್ಗಕ್ಕೆ ಸಿಗುತ್ತೆ.”

ಹಾಗೆಂದರೂ, ಶುಕ್ರವಾರ ಗಂಡನ ಜೊತೆ ಹೊರಟವರು ಅವರೇ. ಅವಿನಾಶಿ ರಸ್ತೆಯ ಒಂದು ಗಾಜಿನ ಮಳಿಗೆಯಲ್ಲಿ ದೊಡ್ಡ ಮನೆಗಳು ಸಾಕೆಂದು ಬಿಟ್ಟ ಕಾರುಗಳು ಮದುವೆಮನೆಯ ಬೀಗರಂತೆ ಮೈಯೆಲ್ಲ ಹೊಳೆಯುತ್ತ ನಿಂತಿದ್ದವು. ಮರುದಾಚಲಂ ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ಮಳಿಗೆಯ ಯಜಮಾನ ಹಬೀಬುಲ್ಲಾ ಎದ್ದು ಬಂದ.

“ಚಪ್ಪಲಿ ಹಾಕ್ಕೊಂಡೇ ಬನ್ನಿ ಅಣ್ಣಾ. ಇದು ಅಂಗಡಿ.”

“ಇರ್ಲಿ ಭಾಯ್. ತಣ್ಣಗಿದೆ,” ಎಂದು ಮರುದಾಚಲಂ ಬರಿಗಾಲಿನಲ್ಲೇ ನಡೆದರು.

ಹನ್ನೆರಡು ವರ್ಷ ಓಡಿದ ಒಂದು ಕಡುನೀಲಿ ಜರ್ಮನ್ ಕಾರು ಅವರ ಕಣ್ಣಿಗೆ ಬಿತ್ತು. ಅದನ್ನು ಹಿಂದಿನ ಅಂಗಳಕ್ಕೆ ತಂದು ನಿಲ್ಲಿಸಿದರು. ಮಳಿಗೆಯ ಮೆಕ್ಯಾನಿಕ್ಕು ಬಾನೆಟ್ ಎತ್ತಿದ. ಮರುದಾಚಲಂ ಸ್ಕ್ರೂಡ್ರೈವರು ಹಿಡಿದು ಕಾದರು. ಸ್ವಲ್ಪ ಹೊತ್ತಾಯಿತು.

“ಚಾಲೂ ಮಾಡಿ ಭಾಯ್.”

“ಆಗ್ಲೇ ಆಗಿದೆ ಅಣ್ಣಾ. ಓಡ್ತಾ ಇದೆ.”

ಕೇಳಿಸದಿರುವುದು ಎಂಜಿನ್ನಿನ ಹಿರಿಮೆಯೋ, ಬಲಗಿವಿಯೂ ಕೈಕೊಟ್ಟಿತೋ? ಬದುಕಿನಲ್ಲಿ ಮೊದಲ ಬಾರಿಗೆ, ಎದುರಿಗಿನ ಯಂತ್ರವನ್ನು ನಂಬಬೇಕೋ ತನ್ನನ್ನು ಶಂಕಿಸಬೇಕೋ ಅವರಿಗೆ ತಿಳಿಯಲಿಲ್ಲ. ಮೆಲ್ಲನೆ ಹೆಂಡತಿಯ ಕಡೆ ತಿರುಗಿದರು.

“ನಿನಗೆ ಕೇಳ್ತಿದೆಯಾ?”

ತುಳಸಿಮಣಿ ಕತ್ತು ಚಾಚಿದರು. “ಇಲ್ವಲ್ಲ. ನಿಜವಾಗ್ಲೂ ಓಡ್ತಿದೆಯಾ ಇದು? ಭಾಯ್ ನಮ್ಮನ್ನ ಆಟ ಆಡಿಸ್ತಿಲ್ಲ ತಾನೆ?”

ಮರುದಾಚಲಂ ಅವರ ಜೀವ ಮರಳಿತು. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೈಗೆ ಒತ್ತಿ, ಹಿಡಿಯನ್ನು ಬಲಗಿವಿಗೆ ಇಟ್ಟು ಕಣ್ಣು ಮುಚ್ಚಿದರು.

ಒಳಗೆ ಒಂದು ಊರೇ ಇತ್ತು. ಬಲುದೂರದ ನೂಲಿನ ಮಿಲ್ಲಿನಲ್ಲಿ ನೂರಾರು ಕದಿರುಗಳು ಒಂದೇ ಹದದಲ್ಲಿ ತಿರುಗಿದಂತಹ ಸದ್ದು. ಆರು ಸಿಲಿಂಡರುಗಳು, ಒಂದರ ಸರದಿಗೆ ಇನ್ನೊಂದು ಅಡ್ಡ ಬಾರದೆ, ತಮ್ಮ ತಮ್ಮ ಕೆಲಸ ಮಾಡಿ ಸರಿಯುತ್ತಿದ್ದವು. ಯಾವುದಕ್ಕೂ ಅವಸರವಿಲ್ಲ, ಆಯಾಸವಿಲ್ಲ. ಮಾಡಿದವರು ಯಾರೋ, ಅವರ ಕೈ ಎಂಥದೋ ಎಂದುಕೊಂಡರು ಮರುದಾಚಲಂ. ಅವರ ರೆಪ್ಪೆಗಳು ಒದ್ದೆಯಾದವು. ತುದಿಯನ್ನು ಅಷ್ಟಷ್ಟೇ ಸರಿಸುತ್ತ ಮುಂಭಾಗಕ್ಕೆ ಬಂದಾಗ ಹುಬ್ಬು ಗಂಟಿಕ್ಕಿತು. ಅನ್ನದಲ್ಲಿ ಕಲ್ಲು ಸಿಕ್ಕಂತೆ ಏನೋ ಒಂದು.

“ಬೆಲ್ಟು ಒರಗಿರೋ ಈ ಸಣ್ಣ ಗಾಲಿ ಇದೆಯಲ್ಲ, ಇದರ ಬೇರಿಂಗು ಸವೆದಿದೆ.”

ಮೆಕ್ಯಾನಿಕ್ಕು ನಕ್ಕ. “ಬೆಳಗ್ಗೆ ತಾನೆ ಕಂಪ್ಯೂಟರ್ ಹಾಕಿ ನೋಡಿದ್ದೀನಿ ಅಣ್ಣಾ. ಒಂದು ತಪ್ಪೂ ತೋರಿಸ್ಲಿಲ್ಲ.”

“ಅದಕ್ಕೆ ಹೇಳಿಲ್ಲ ತಮ್ಮಾ. ನನಗೆ ಹೇಳ್ತು.”

ಎಂಜಿನ್ ನಿಲ್ಲಿಸಿ ಬೆಲ್ಟು ಕಳಚಿದರು. ಮೆಕ್ಯಾನಿಕ್ಕು ಗಾಲಿಯನ್ನು ಬೆರಳಿನಿಂದ ತಿರುಗಿಸಿದ. ಮರಳು ಉಜ್ಜಿದಂತೆ ಸರಸರ ಎಂದಿತು. ಅವನ ನಗು ನಿಂತಿತು. ಹಬೀಬುಲ್ಲಾ ತಾನೂ ಒಮ್ಮೆ ತಿರುಗಿಸಿದ.

“ದಿನಾ ಇದರ ಪಕ್ಕದಲ್ಲೇ ನಿಂತು ಟೀ ಕುಡೀತೀನಿ ಅಣ್ಣಾ,” ಎಂದ ಮೆಲುದನಿಯಲ್ಲಿ. “ಹೊಸದು ಹಾಕಿಸಿ ಕೊಡ್ತೀನಿ. ಬೇಡ ಅಂದ್ರೂ ಬೇಜಾರಿಲ್ಲ.”

ಮರುದಾಚಲಂ ಸ್ಕ್ರೂಡ್ರೈವರು ಒರೆಸಿಕೊಂಡರು. ಬಂದ ಕೆಲಸ ಮುಗಿದಿತ್ತು. ಕೇಳಬೇಕಾದ್ದನ್ನು ಕೇಳಿಯಾಗಿತ್ತು, ದುಡಿದದ್ದನ್ನೆಲ್ಲ ಸುರಿಯದೆ ಹಿಂದಿರುಗಿದರೂ ಆಗುತ್ತಿತ್ತು. ಹೊರಡೋಣವೆಂದು ನೋಡಿದರೆ ಹೆಂಡತಿ ಕಾಣಲಿಲ್ಲ. ಅವರು ಕಾರಿನ ಹಿಂದಿನ ಸೀಟಿನಲ್ಲಿ ಬಾಗಿಲು ಹಾಕಿಕೊಂಡು ಕುಳಿತಿದ್ದರು.

“ಒಳಗೆ ಬನ್ನಿ ಮಾಮಾ. ಬಾಗಿಲು ಹಾಕಿ.”

ಬಾಗಿಲು ದಿಂಬಿನ ಮೇಲೆ ತಲೆಯಿಟ್ಟಷ್ಟು ಮೆತ್ತಗೆ ಮುಚ್ಚಿಕೊಂಡಿತು. ಅವಿನಾಶಿ ರಸ್ತೆಯ ಬಸ್ಸು, ಲಾರಿ, ಹಾರನ್ನುಗಳೆಲ್ಲ ಹೊರಗುಳಿದವು. ಮೂವತ್ತಾರು ವರ್ಷ ಲೇತು, ಗ್ರೈಂಡರುಗಳ ಮೇಲಿನ ಮಾಳಿಗೆಯಲ್ಲಿ ಸಂಸಾರ ಮಾಡಿದ ತುಳಸಿಮಣಿ ಸುಮ್ಮನೆ ಕೈಯೊಂದನ್ನು ಆಡಿಸಿದರು.

“ನನ್ನ ಬಳೆ ಸದ್ದು ನನಗೇ ಕೇಳಿ ಎಷ್ಟು ವರ್ಷ ಆಯ್ತು ಗೊತ್ತಾ?”

ಮರುದಾಚಲಂ ಬಲಗಿವಿಯನ್ನು ಆ ಕಡೆ ತಿರುಗಿಸಿದರು. ಗಾಜಿನ ಬಳೆಗಳು, ನಾಲ್ಕೋ ಐದೋ. ಇಷ್ಟು ವರ್ಷದಲ್ಲಿ ಅವಕ್ಕೆ ಕಿವಿ ಕೊಟ್ಟಿರಲೇ ಇಲ್ಲ.

“ಗಾಲಿ ಕೆಟ್ಟಿದೆ ಅಂದ್ರಲ್ಲ, ತುಂಬಾ ಕೆಟ್ಟಿದೆಯಾ?” ಎಂದು ಕೇಳಿದರು ತುಳಸಿಮಣಿ.

“ಸವೆದಿದೆ ಅಷ್ಟೇ. ನನ್ನ ಹಾಗೆ. ಅದಕ್ಕಾದ್ರೆ ಹೊಸದು ಸಿಗುತ್ತೆ.”

“ಹಾಗಾದ್ರೆ ತಗೊಳ್ಳಿ ಮಾಮಾ.”

ಗಾಲಿ ಬದಲಾದ ಮೇಲೆ ನಾಲ್ಕು ಚಕ್ರಗಳಡಿ ನಾಲ್ಕು ನಿಂಬೆಹಣ್ಣಿಟ್ಟು ಕಾರನ್ನು ಹೊರಡಿಸಿದರು. ಹಣ್ಣು ಒಡೆದದ್ದು ಒಳಗಿದ್ದವರಿಗೆ ತಿಳಿಯಲೇ ಇಲ್ಲವಾಗಿ, ತುಳಸಿಮಣಿ ಕಾರು ನಿಲ್ಲಿಸಲು ಹೇಳಿ ಇಳಿದು ನೋಡಿ ಬಂದರು.

ಇದೆಲ್ಲ ನಡೆದು ನಾಲ್ಕು ವರ್ಷವಾಯಿತು. ಈಗ ಬಲಗಿವಿಗೂ ಹೆಚ್ಚೇನೂ ಕೇಳಿಸದು. ಆದರೂ ಭಾನುವಾರ ಬೆಳಗ್ಗೆ ಮರುದಾಚಲಂ ಕಾರನ್ನು ಬೀದಿಗೆ ತಂದು ಬಾನೆಟ್ ಎತ್ತುತ್ತಾರೆ. ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಯ ಬದಲು ದವಡೆಯ ಮೂಳೆಗೆ ಒತ್ತಿ ಕಣ್ಣು ಮುಚ್ಚುತ್ತಾರೆ. ಆ ನೂರಾರು ಕದಿರುಗಳ ಸದ್ದು ಅಲ್ಲಿಗೆ ಇನ್ನೂ ಬರುತ್ತದಂತೆ. ಹಿಂದಿನ ಸೀಟಿನಲ್ಲಿ ಗಾಜು ಏರಿಸಿಕೊಂಡು ತುಳಸಿಮಣಿ ಮಲ್ಲಿಗೆ ಕಟ್ಟುತ್ತಿರುತ್ತಾರೆ. ಹೂವು ಮುಗಿದ ಮೇಲೆ ಕಿಟಕಿಯ ಗಾಜಿಗೆ ಬಡಿದು, “ಆಯ್ತಾ ಮಾಮಾ?” ಎನ್ನುತ್ತಾರೆ. ಅದು ಅವರಿಗೆ ಕೇಳಿಸುವುದಿಲ್ಲ. ತುಳಸಿಮಣಿ ಇನ್ನೊಂದು ಮೊಳ ಕಟ್ಟತೊಡಗುತ್ತಾರೆ.