ತಾಟಿನಲ್ಲಿ ಉಳಿಸಿದ ತುತ್ತು

ಗಿರಿಜಾ, ಶಂಕರಾ, ಒಬ್ಬ ಹೆಂಗಸು ನಿಮ್ಮ ಅಜ್ಜನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಮೊದಲು ಕೇಳಿದ್ದು ಮುಂಬಯಿಯಲ್ಲಿ. ಚಾಳಿನ ಕೆಳಗೆ ನಿಂತು ಮೂರು ಮಾಳಿಗೆಗೂ ಕೇಳುವಂತೆ ಕೂಗಿದಳು. ಮದುವೆಯ ದಿನ ಗಂಡನ ಹೆಸರು ಹೆಣೆಯುವ ಒಡಪಿನಲ್ಲಿ ಒಮ್ಮೆ ಹೇಳಿದ್ದು ಬಿಟ್ಟರೆ ಆ ಹೆಸರನ್ನು ನಾನು ಬಾಯಿಗೆ ತಂದವಳಲ್ಲ. ಈ ಹಾಳೆಯಲ್ಲೂ ಬರೆಯಲಾರೆ.

ಅವಳು ಇನೆಸ್ ಡಾಕ್ಟರು. ತನ್ನ ಸ್ಪೇನ್ ದೇಶದಲ್ಲಿ ಕಾಳಗವಾಗಿ ಓಡಿಬಂದವಳು. ರೋಗಿಯನ್ನು ಮಲಗಿಸಿ, ಮಾತಾಡಿಸಿ, ಮನಸ್ಸಿನ ಬೇನೆ ಬಿಡಿಸುತ್ತಿದ್ದಳು. ಆ ಮನಸ್ಸುಗಳಲ್ಲಿ ಕಂಡದ್ದಕ್ಕೆ ತನ್ನ ಭಾಷೆಯಲ್ಲೂ ಶಬ್ದ ಸಿಗದೆ ತಾನೇ ಶಬ್ದ ಹುಟ್ಟಿಸಿ ಪುಸ್ತಕ ಬರೆದಿದ್ದಳು. ನಿಮ್ಮ ಅಜ್ಜ ಹುಬ್ಬಳ್ಳಿಯಲ್ಲಿ ಗೋವಾದ ವ್ಯಾಪಾರಿಯ ಬಳಿ ಪೋರ್ಚುಗೀಸ್ ಕಲಿತಿದ್ದರು. ಸ್ಪ್ಯಾನಿಷ್ ಅದರ ತಂಗಿಯಂತೆ. ಅವಳ ಪುಸ್ತಕವನ್ನು ಇಂಗ್ಲಿಷಿಗೆ ತರುವ ಕೆಲಸಕ್ಕೆಂದೇ ನಾವು ಹಿರೇಬೆಂಡಿಗೇರಿ ಬಿಟ್ಟು ಬಂದದ್ದು.

ಊರಲ್ಲಿ ನನಗೆ ಹಿತ್ತಲಿತ್ತು, ಬಾವಿಯಿತ್ತು. ಇಲ್ಲಿ ಒಂದೇ ಖೋಲಿ, ಹದಿನಾರು ಮನೆಗೆ ಒಂದೇ ನಳ. ಮರಾಠಿಯಲ್ಲಿ ‘ಪಾಣಿ’ ಎನ್ನಲೂ ನಾಚುತ್ತಿದ್ದ ನಾನು ಒಂದು ತಿಂಗಳು ಎಲ್ಲರ ಹಿಂದೆ ನಿಂತೇ ನೀರು ಹಿಡಿದೆ. ಯುದ್ಧದ ಕಾಲ, ಒಳ್ಳೆಯ ಜೋಳ ಸಿಕ್ಕರೆ ಹಬ್ಬ.

ನಮ್ಮ ಮನೆಯಲ್ಲಿ ಗಂಡ ಉಂಡ ತಾಟಿನಲ್ಲೇ ಹೆಂಡತಿ ಉಣ್ಣುವ ರೂಢಿ. ಕೊನೆಯ ತುತ್ತನ್ನು ಅವರು ಬೇಕೆಂದೇ ಉಳಿಸಿ ಏಳುತ್ತಿದ್ದರು. ಮುಂಬಯಿಯಲ್ಲಿ ಅದೂ ತಪ್ಪಿತು. “ಡಾಕ್ಟರ ಮನ್ಯಾಗ ಊಟ ಆತು, ನೀ ಉಣ್ಣು” ಎನ್ನುವರು. ನಾನು ತೊಳೆದ ತಾಟನ್ನೇ ಎದುರಿಗಿಟ್ಟುಕೊಂಡು ಕೂರುವೆ.

ಪಕ್ಕದ ಖೋಲಿಯ ಹಾನಗಲ್ಲಿನ ಗಂಗಕ್ಕ ಎಲೆಯಡಿಕೆ ಮೆಲ್ಲುತ್ತ ಚುಚ್ಚುತ್ತಿದ್ದಳು: “ತಲಿ ರಿಪೇರಿ ಮಾಡೂ ಡಾಕ್ಟರಂತಲ್ಲವಾ ಅಕಿ? ನಿನ್ನ ಗಂಡನ ತಲಿ ಬಿಚ್ಚಿಟ್ಟು ಜೋಡ್ಸೂದು ಮರ್ತಾಳ ನೋಡು!”

ಆ ಪುಸ್ತಕದ ಒಂದು ಶಬ್ದಕ್ಕಾಗಿ ಅವರಿಬ್ಬರೂ ಎಂಟು ದಿನ ಕೂತರು. ‘ಸೊಬ್ರಾಮೊರ್’ ಅಂತ. ಎಲ್ಲರಿಗೂ ಹಂಚಿದ ಮೇಲೂ ಒಬ್ಬರಿಗಾಗಿ ಉಳಿಯುವ ಪ್ರೀತಿ. ಇವರು ಇಂಗ್ಲಿಷಿನಲ್ಲಿ ‘ಉಳಿದದ್ದು’ ಎಂದರೆ, ಉಳಿದದ್ದನ್ನು ನಾವು ನಾಯಿಗೆ ಹಾಕುತ್ತೇವೆ ಎಂದು ಅವಳು ಹೊಡೆದುಹಾಕುವಳಂತೆ.

ಒಂದು ರವಿವಾರ ಅವಳನ್ನು ಊಟಕ್ಕೆ ಕರೆತಂದರು. ರೊಟ್ಟಿ, ಬದನೆಕಾಯಿ ಪಲ್ಯ ಮಾಡಿದ್ದೆ. ಇವರು ಹಳೆಯ ರೂಢಿಯಂತೆ ಒಂದು ತುತ್ತು ಉಳಿಸಿ ಎದ್ದರು. ಅಡುಗೆ ಸೇರಲಿಲ್ಲವೇ ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳಂತೆ. ಪರರೆದುರು ನೀರನ್ನೂ ಕುಡಿಯದ ನಾನು ಆ ತಾಟನ್ನು ಎಳೆದುಕೊಂಡು, ಅವಳನ್ನೇ ನೋಡುತ್ತ ಆ ತುತ್ತು ಉಂಡೆ. ಇದು ನಂದು, ತಿಳಿ, ಎಂಬಂತೆ.

ಅವಳಿಗೆ ಸಿಟ್ಟು ಬರಲಿ ಎಂದುಕೊಂಡಿದ್ದೆ. ಅವಳು ಚೀಲದಿಂದ ಪೆನ್ಸಿಲ್ ತೆಗೆದಳು! ಇವರು ನಮ್ಮ ತಾಟಿನ ರೂಢಿಯನ್ನು ಬಿಡಿಸಿ ಹೇಳಿದರಂತೆ; ಇಬ್ಬರೂ ನನ್ನನ್ನು ಮರೆತು ಪಟಪಟ ಮಾತಾಡಿದರು. ಶಬ್ದ ಸಿಕ್ಕಿತ್ತು: ‘ಕೆಪ್ಟ್ ಶೇರ್’. ಕಾಯ್ದಿಟ್ಟ ಪಾಲು.

ಅವಳು ಹೋದ ಮೇಲೆ ನಾನು ಬಾಯಿಬಿಟ್ಟೆ: “ನನಗಿದ್ದದ್ದು ಅದೊಂದು ತುತ್ತು ರೀ. ಅದನ್ನೂ ಅಕಿ ಪುಸ್ತಕಕ್ಕ ಹಾಕಿದ್ರಿ?”

“ಹುಚ್ಚಿ, ಅದು ನಿನ್ನಿಂದ ಬಂದ ಮಾತು.”

“ಹಂಗಾದ್ರ ನನ್ನ ಹೆಸರ ಹಾಕ್ರಿ.”

ಅವರು ಮರುದಿನದಿಂದ ಊಟಕ್ಕೆ ಮನೆಗೇ ಬಂದರು.

ಪುಸ್ತಕ ಬಂದಾಗ ಮೊದಲ ಹಾಳೆಯ ಒಂದು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ‘ಅನುವಾದಕನ ಹೆಂಡತಿಗೆ’ ಎಂದಿತ್ತು. ಹೆಸರಿರಲಿಲ್ಲ. ನಾನು ಅವರ ಹೆಸರು ಹೇಳದಂತೆ ಅವರೂ ನನ್ನದನ್ನು ಹೇಳುವವರಲ್ಲ. ಇನೆಸ್ ಹೆಸರು ಮಾತ್ರ ರಟ್ಟಿನ ಮೇಲೆ ದಪ್ಪಕ್ಷರದಲ್ಲಿತ್ತು.

ನಿಮ್ಮ ಅಜ್ಜ ತೀರಿಹೋದ ಮೇಲೆ ಊರಿಗೆ ಮರಳಿದೆ. ಚಾಳಿನಲ್ಲಿ ನನ್ನನ್ನು ‘ಕಾನಡಿ’ ಎನ್ನುತ್ತಿದ್ದರು, ಇಲ್ಲಿ ‘ಮುಂಬೈ ಅವ್ವ’ ಎನ್ನುತ್ತಾರೆ. ಬಾವಿಯ ಕಟ್ಟೆಯಲ್ಲಿ ಕೂತು ಆ ನಳದ ಸಾಲನ್ನು ನೆನೆಯುತ್ತೇನೆ. ಉಣ್ಣುವಾಗ ಈಗ ನಾನೇ ಒಂದು ತುತ್ತು ಉಳಿಸಿ ಏಳುತ್ತೇನೆ, ಉಣ್ಣುವವರಿಲ್ಲ.

ಮಕ್ಕಳೇ, ಈ ಹಾಳೆಗಳನ್ನು ಹುಳ ಹತ್ತದಂತೆ ಕಾಯ್ದಿಡಿ. ಅಜ್ಜನ ಟ್ರಂಕಿನಲ್ಲಿ ಬೇಡ, ಅಲ್ಲಿ ಅವಳ ಪುಸ್ತಕವಿದೆ. ಅಡುಗೆಮನೆಯ ಗೂಡಿನಲ್ಲಿ, ನಾವಿಬ್ಬರೂ ಉಂಡ ಆ ಹಿತ್ತಾಳೆ ತಾಟಿನ ಕೆಳಗೆ ಇಡಿ.