ಮೋಹಿನಿಯ ಕಣ್ಣು

ತುಮಕೂರಿನಿಂದ ಮೊದಲ ಬಸ್ಸಿಗೇ ಹೊರಟೆ. ಎಪ್ಪತ್ತರ ದಶಕದ ಒಂದು ಬೇಸಿಗೆ. ತೊಡೆಯ ಮೇಲೆ ಉದ್ದನೆಯ ತಗಡಿನ ಕೊಳವೆ, ಅಪ್ಪನ ಚಿತ್ರಗಳನ್ನು ಸುತ್ತಿ ತರಲೆಂದು. ಗುಡಿ ಮಠಗಳ ಛಾವಣಿಗೆ ಪುರಾಣದ ಚಿತ್ರ ಬರೆಯುತ್ತಿದ್ದ ಅಪ್ಪ ತೀರಿಕೊಂಡು ವರ್ಷವಾಗಿತ್ತು. ಅವರ ಕರಡು ಚಿತ್ರಗಳು ಹಳೆಯ ಶಿಷ್ಯ ನಾಗಪ್ಪಾಚಾರಿಯ ಹತ್ತಿರ ಇವೆಯೆಂದು ಯಾರೋ ಹೇಳಿದಾಗ ಮೈಯೆಲ್ಲ ಉರಿದುಹೋಯಿತು. ಛಾವಣಿಯ ಚಿತ್ರಕ್ಕೆ ಕೊನೆಗೆ ಕಣ್ಣು ಬರೆದು, ಕರಡು ಹಾಳೆಗಳನ್ನು ನೀರಿಗೆ ಬಿಡುವುದು ನಮ್ಮವರ ಪದ್ಧತಿ. ಹಾಗಾಗಿ ಮನೆಯಲ್ಲಿ ಅಪ್ಪನ ಒಂದು ಗೆರೆಯೂ ಉಳಿದಿಲ್ಲ. ಇವನ ಹತ್ತಿರ ಹೇಗೆ ಉಳಿಯಿತು? ಕದ್ದಿದ್ದಾನೆ, ನಾಳೆ ಛಾವಣಿಯ ಚಿತ್ರವೂ ತನ್ನದೇ ಅನ್ನುತ್ತಾನೆ.

ಹಿರಿಯೂರಿನಲ್ಲಿ ಬಸ್ಸು ಬದಲಿಸಿದೆ. ಬಿಸಿಲು ಕಣ್ಣು ಬಿಡಲು ಕೊಡದು. ಪಕ್ಕದ ಸೀಟಿನ ಕುರಿಗಾರರ ಹೆಂಗಸು ಮಂಡಕ್ಕಿ ಕೊಟ್ಟು, ಕೊಳವೆಯಲ್ಲಿ ಏನಿದೆ ಎಂದು ವಿಚಾರಿಸಿದಳು. ಮಂಡಕ್ಕಿಯೂ ಬೇಡವೆಂದು ಮುಖ ತಿರುಗಿಸಿದೆ. ಹೊಸದುರ್ಗದಲ್ಲಿ ಈಗ ಬಿಡುತ್ತೇವೆಂದ ಕಂಡಕ್ಟರು ಚಹಾಕ್ಕೆ ಹೋಗಿ ಮಾಯವಾದ. ಹೊಳಲ್ಕೆರೆ ಮುಟ್ಟಿ, ಬಿ.ದುರ್ಗದ ಕಡೆಯ ನಾಗಪ್ಪಾಚಾರಿಯ ಹಳ್ಳಿಗೆ ಗಾಡಿಯಲ್ಲಿ ಹೋಗುವಷ್ಟರಲ್ಲಿ ಹೊತ್ತು ಇಳಿದಿತ್ತು.

ನಾಗಪ್ಪಾಚಾರಿ ಕುಂತ್ಕಳ್ರಿ ಅಂದ, ತಾನು ಮಾತ್ರ ಮೂಲೆಯಲ್ಲಿದ್ದ ಮರದ ಪೆಟ್ಟಿಗೆ ಬಿಟ್ಟು ಕದಲಲಿಲ್ಲ. ಅವನ ಹೆಂಡತಿ ಕೊಟ್ಟ ಮಜ್ಜಿಗೆಯನ್ನೂ ನಾನು ಮೂಸಿಯೇ ಕುಡಿದೆ. ಅಪ್ಪನ ಚಿತ್ರಗಳನ್ನು ಒಯ್ಯಲು ಬಂದಿದ್ದೇನೆಂದೆ.

"ಒಯ್ದು ಪ್ಯಾಟೇಲಿ ಮಾರ್ತೀರೇನಮ್ಮ?" ಎಂದು ಕೇಳಿದ.

ಕಳ್ಳನಿಗೆ ನನ್ನ ಮೇಲೇ ಗುಮಾನಿ! ನಾನು ಆ ಚಿತ್ರ ಬರೆದವರ ಮಗಳು, ಅವರ ಕೈಕೆಳಗೇ ಕಲಿತು ಈಗ ಡ್ರಾಯಿಂಗ್ ಟೀಚರ್ ಆಗಿದ್ದೇನೆಂದು ಗಟ್ಟಿಯಾಗಿ ಹೇಳಿದೆ. ಕೊನೆಗೆ ಪೆಟ್ಟಿಗೆ ತೆರೆದು ಹಾಳೆಗಳ ಸುರುಳಿ ಬಿಚ್ಚಿದ. ಇದ್ದಿಲ ಗೆರೆಯ ದೇವತೆಗಳು, ಅಸುರರು, ಕೊಡ ಹಿಡಿದ ಮೋಹಿನಿ. ಗೆರೆಯುದ್ದಕ್ಕೂ ಸೂಜಿಯ ತೂತು. ಹಾಳೆಯನ್ನು ಛಾವಣಿಗೆ ಒತ್ತಿ ಇದ್ದಿಲ ಪುಡಿ ತಟ್ಟಿದರೆ ಚಿತ್ರ ಅಲ್ಲಿ ಮೂಡುತ್ತದೆ. ಪಾದದ ಕಿರುಬೆರಳನ್ನು ತುಸು ಅಗಲಿಸಿ ಬರೆಯುವುದು ಅಪ್ಪನ ಕೈಯೇ. ನೀರಿಗೆ ಬಿಡಬೇಕಾದ್ದನ್ನು ಯಾಕೆ ಇಟ್ಟುಕೊಂಡೆಯೆಂದು ಕೇಳಿದೆ.

ಅವನು ನನ್ನನ್ನು ಊರಿನ ಮಠದ ಹಜಾರಕ್ಕೆ ಕರೆದುಕೊಂಡು ಹೋದ. ಛಾವಣಿಯ ತುಂಬ ಸಮುದ್ರಮಥನ. ಎಲ್ಲರೂ ಮೋಹಿನಿಯನ್ನೇ ನೋಡುತ್ತಿದ್ದಾರೆ. ಮೋಹಿನಿಗೆ ಕಣ್ಣೇ ಇಲ್ಲ.

"ಕೈ ನಡುಗ್ತೈತೆ, ನಾಳೆ ಬರೀತೀನಿ ಅಂತ ಇಳಿದ್ರು ನಿಮ್ಮಪ್ಪಾರು. ಊರಿಗೋದೋರು ತಿರುಗಿ ಬರ್ಲಿಲ್ಲ. ಕಣ್ಣು ಬರೀದಂಗೆ ಹಾಳೆ ನೀರಿಗೆ ಹೆಂಗೆ ಬಿಡಾನ?"

"ನೀವೇ ಬರೆಯಬಹುದಿತ್ತಲ್ಲ?"

"ನಾನು ಬರದ್ರೆ ಆಮೇಲೆ ಚಿತ್ರ ನಾಗಪ್ಪಂದು ಅಂತಾರಮ್ಮ."

ನನಗೆ ತಲೆ ಎತ್ತಲಾಗಲಿಲ್ಲ.

ಬೆಳಿಗ್ಗೆ ಅವನು ಅಟ್ಟಣಿಗೆ ಕಟ್ಟಿ ಕುಂಚ ಕೊಟ್ಟ. ಹತ್ತಿದೆ. ಕಣ್ಣು ಬರೆದರೆ ಹಾಳೆಗಳು ಹೋಗುತ್ತವೆ, ಅಪ್ಪನದೆಂದು ಮನೆಗೆ ಒಯ್ಯಲು ಏನೂ ಇರುವುದಿಲ್ಲ. ಅಲ್ಲೇ ಇಳಿದುಬಿಡೋಣವೆಂದೂ ಅನ್ನಿಸಿತು. ಬರೆದೆ. ಇಬ್ಬರೂ ಕೆರೆಗೆ ಹೋಗಿ ಹಾಳೆಗಳನ್ನು ಬಿಟ್ಟೆವು. ನೆನೆದ ಇದ್ದಿಲು ನೀರಲ್ಲಿ ಕದಡಿತು. ನಾನು ಅತ್ತೆ.

ಹಿಂದಿರುಗಿದ್ದು ಚಿತ್ರದುರ್ಗದ ಮೇಲೆ. ಬಸ್ಸಿನಲ್ಲಿ ಕಂಡಕ್ಟರು ಕೊಳವೆ ತಟ್ಟಿ, ಒಳಗೇನಿದೆ ಎಂದು ಕೇಳಿದ. ಏನೂ ಇಲ್ಲ ಎಂದೆ. ಅವನು ನಂಬಲಿಲ್ಲ. ಮುಚ್ಚಳ ತೆಗೆದು ತೋರಿಸಿದೆ.