ಗುಡುಗಿನ ನಡುವೆಯೂ ಹಾಡು ನಿಲ್ಲಲು ಬಿಡದ ವರ್ಲೀನ್

ಶನಿವಾರ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಲಾರೆಲ್ ಹಳ್ಳದ ಬಯಲಿನಲ್ಲಿ, ಸಂಗೀತ ಹಬ್ಬದ ವೇದಿಕೆಯ ಹಿಂದೆ, ಒದ್ದೆ ಹುಲ್ಲಿನ ಮೇಲೆ ಮಂಡಿಯೂರಿ ಕುಳಿತು ವರ್ಲೀನ್ ಸ್ಟಿಡಮ್ ವೈರು ಎಳೆಯುತ್ತಿದ್ದಾರೆ. ಬಾಯಲ್ಲಿ ಟಾರ್ಚು ಕಚ್ಚಿಕೊಂಡಿದ್ದಾರೆ. ಪಕ್ಕದ ಹಳೆಯ ವ್ಯಾನಿನಲ್ಲಿ ಒಂದು ಮೈಕು, ಒಂದು ದಪ್ಪ ಬ್ಯಾಟರಿ, ಮಡಿಸುವ ಕುರ್ಚಿಗಳು. ಈ ವಾರಾಂತ್ಯಕ್ಕೆ ನಮ್ಮ ಊರಿನ ರೇಡಿಯೋ ಅಂದರೆ ಇಷ್ಟೇ.

“ಹೋದ್ವರ್ಷ ವೇದಿಕೆ ಪಕ್ಕದಲ್ಲೇ ಜಾಗ ಕೊಟ್ಟಿದ್ರು. ಈ ಸಲ ಪಾಯಿಖಾನೆ ಪಕ್ಕ,” ಎಂದು ಟಾರ್ಚು ತೆಗೆದು, ಅವರ ಬಗ್ಗೆ ಬರೆಯಲು ಬಂದಿರುವ ನನ್ನತ್ತ ನಗುತ್ತಾರೆ. “ಒಳ್ಳೇದೇ ಆಯ್ತು ಬಿಡು. ಎಷ್ಟೇ ದೊಡ್ಡ ಗಾಯಕ ಆಗ್ಲಿ, ಒಂದ್ಸಲ ಈ ಕಡೆ ಬರ್ಲೇಬೇಕಲ್ಲ!”

ಪೂರ್ವ ಕೆಂಟಕಿಯ ನಮ್ಮ ಕಣಿವೆಗಳಲ್ಲಿ ಈ ದನಿ ಕೇಳದೆ ಬೆಳಗಾಗುವುದಿಲ್ಲ. ಹಿಮ ಬಿದ್ದು ಶಾಲೆಗೆ ರಜೆ ಕೊಟ್ಟಿದ್ದು, ಯಾರದೋ ಹೇಸರಗತ್ತೆ ಬೇಲಿ ಹಾರಿ ಓಡಿದ್ದು, ಎಲ್ಲವೂ ಅವರ ಬಾಯಿಂದಲೇ ಗೊತ್ತಾಗಬೇಕು. ಮೊದಲು ಅವರು ರೇಡಿಯೋ ಸ್ಟೇಷನ್ನಿನ ಎದುರಿನ ಹೋಟೆಲಿನಲ್ಲಿ ಊಟ ಬಡಿಸುತ್ತಿದ್ದರು. ಒಂದು ಚಳಿಗಾಲದಲ್ಲಿ ನಿರೂಪಕ ಹಿಮದಲ್ಲಿ ಸಿಕ್ಕಿಕೊಂಡಾಗ ಸ್ಟೇಷನ್ನಿನ ಮಾಲೀಕ ರಸ್ತೆ ದಾಟಿ ಓಡಿಬಂದು, “ವರ್ಲೀನ್, ನಿಂಗೆ ಓದೋಕೆ ಬರುತ್ತಲ್ಲ?” ಎಂದು ಕೇಳಿದನಂತೆ. ಏಪ್ರನ್ ಬಿಚ್ಚದೆ ಹೋಗಿ ಮೈಕಿನ ಮುಂದೆ ಕುಳಿತವರು ಇಂದಿಗೂ ಅಲ್ಲೇ ಇದ್ದಾರೆ. ಈಗ ಉಳಿದವರೆಲ್ಲ ಕೆಲಸ ಬಿಟ್ಟಿದ್ದಾರೆ. ಜೊತೆಗಿರುವುದು ಯಂತ್ರ ನೋಡಿಕೊಳ್ಳುವ ಫೆರಲ್ ಎಂಬ ಹಳೆಯ ಗಣಿ ಕಾರ್ಮಿಕ ಮಾತ್ರ.

ಕೆಲವು ವರ್ಷಗಳ ಹಿಂದೆ ವರ್ಲೀನ್ ಅವರ ಕುತ್ತಿಗೆಯಲ್ಲಿ ಗಡ್ಡೆ ಬೆಳೆದು ಶಸ್ತ್ರಚಿಕಿತ್ಸೆಯಾಯಿತು. ದನಿ ಉಳಿಯುವ ಭರವಸೆ ಡಾಕ್ಟರಿಗೂ ಇರಲಿಲ್ಲ. ಉಳಿಯಿತು, ಆದರೆ ಒಡೆದುಹೋಗಿತ್ತು. “ಮರಳು ಅರೆದಂಗೆ ಕೇಳ್ತಿತ್ತು. ನಾಚಿಕೆಯಾಗಿ ಮೈಕ್ ಆಫ್ ಮಾಡ್ಬಿಟ್ಟೆ. ತಕ್ಷಣ ಹಳ್ಳದ ಸೇತುವೆ ಹತ್ರ ಇರೋ ಈಸ್ಟರಮ್ಮ ಫೋನ್ ಮಾಡಿ ಬೈದ್ಲು: ‘ಯಾಕೇ ಸುಮ್ನಾದೆ? ನಾನಿಲ್ಲಿ ಒಬ್ಳೇ ಕಾಫಿ ಕುಡೀಬೇಕಾ?’ ಮತ್ತೆ ಆನ್ ಮಾಡ್ದೆ.”

ಮಧ್ಯಾಹ್ನ ಹಬ್ಬದ ದೊಡ್ಡ ಗಾಯಕ ಹ್ಯಾಡ್ಲಿ ಮ್ಯಾಬ್ರಿ ಬರುತ್ತಾನೆ. ಕಪ್ಪು ಕನ್ನಡಕ, ಹೊಳೆಯುವ ಬೂಟು. ಎರಡೇ ನಿಮಿಷ ಎಂದು ಅವನ ಮ್ಯಾನೇಜರ್ ಹುಡುಗಿ ಮೊದಲೇ ಎಚ್ಚರಿಸುತ್ತಾಳೆ.

“ಯಾವ ಸ್ಟೇಷನ್ ಇದು?” ಎಂದು ಅವನು ಆಕಳಿಸುತ್ತಾನೆ.

“ಬೆಟ್ಟದ ಈ ಕಡೆ ಇರೋದೇ ಒಂದು, ಕಂದ. ಹೆಸರು ಮರೆತ್ರೂ ನಡೆಯುತ್ತೆ.”

ಅವನು ಅರ್ಧ ಉತ್ತರ ಕೊಟ್ಟು ಎದ್ದು ಹೋಗುತ್ತಾನೆ. ವರ್ಲೀನ್ ಮಾತ್ರ ಕೇಳುಗರಿಗೆ, “ಪಾಪ, ರಾತ್ರಿಯೆಲ್ಲ ಬಸ್ಸಲ್ಲಿ ಬಂದಿದ್ದಾನೆ, ದಣಿದಿದ್ದಾನೆ,” ಎನ್ನುತ್ತಾರೆ.

ಸಂಜೆಯ ಹೊತ್ತಿಗೆ ಬೆಟ್ಟದ ಹಿಂದಿನಿಂದ ಮೋಡ ಕವಿಯುತ್ತದೆ. ಸಿಡಿಲು ಬಡಿದದ್ದೇ ತಡ, ವೇದಿಕೆಯ ಕರೆಂಟು ಹೋಗುತ್ತದೆ. ಸಾವಿರಾರು ಜನ ಮಳೆಯಲ್ಲಿ ಕಾರುಗಳತ್ತ ಓಡುತ್ತಾರೆ. ಅಷ್ಟರಲ್ಲಿ ವರ್ಲೀನ್ ಅವರ ಫೋನು ಬಡಿದುಕೊಳ್ಳುತ್ತದೆ. ಈಸ್ಟರಮ್ಮನೇ. “ಹಳ್ಳ ಉಕ್ಕಿದೆ ಕಣೇ! ಸೇತುವೆ ಎಲ್ಲಿದೆ ಅಂತಾನೇ ಕಾಣ್ತಿಲ್ಲ!”

ಬಯಲಿನಿಂದ ಹೊರಹೋಗಲು ಇರುವುದು ಆ ಸೇತುವೆಯ ದಾರಿ ಒಂದೇ. ಗೇಟಿನ ಕಡೆಗೆ ಆಗಲೇ ಕಾರುಗಳ ಸಾಲು ಹೊರಟಿದೆ. ವ್ಯಾನಿನಲ್ಲಿ ಬ್ಯಾಟರಿಯಿದೆ, ಬೆಟ್ಟದ ಮೇಲಿನ ಸ್ಟೇಷನ್ನಿಗೆ ಜನರೇಟರ್ ಇದೆ, ಹಾಗಾಗಿ ರೇಡಿಯೋ ಸತ್ತಿಲ್ಲ. ವರ್ಲೀನ್ ಮೈಕಿನಲ್ಲಿ ಸೇತುವೆಯ ಸುದ್ದಿ ಹೇಳಿ, ಯಾರೂ ಹೊರಡಬೇಡಿ ಎಂದು ಮತ್ತೆ ಮತ್ತೆ ಕೇಳಿಕೊಳ್ಳುತ್ತಾರೆ. ಫೆರಲ್, ಕಾರಿನ ರೇಡಿಯೋದಲ್ಲಿ ಹಿಡಿಯಬೇಕಾದ ಸ್ಟೇಷನ್ನಿನ ನಂಬರನ್ನು ರಟ್ಟಿನ ಮೇಲೆ ಗೀಚಿಕೊಂಡು, ಹೊರಗಿನಿಂದ ಬಂದವರಿಗೂ ಗೊತ್ತಾಗಲೆಂದು ಗೇಟಿನತ್ತ ಓಡುತ್ತಾನೆ.

“ಬರೀ ನಿಲ್ಲಿ ಅಂದ್ರೆ ಎಷ್ಟೊತ್ತು ನಿಲ್ತಾರೆ? ನಿಲ್ಲೋಕೆ ಏನಾದ್ರೂ ಕೊಡ್ಬೇಕು,” ಎಂದ ವರ್ಲೀನ್ ಮೈಕನ್ನು ನನ್ನ ಕೈಗೆ ತುರುಕಿ, “ಸೇತುವೆ ಸುದ್ದಿ ಹೇಳ್ತಾನೇ ಇರು,” ಎಂದು ಮಳೆಗಿಳಿದು ಹ್ಯಾಡ್ಲಿಯ ಬಸ್ಸಿನ ಬಾಗಿಲು ಬಡಿಯುತ್ತಾರೆ.

“ಅವರು ಮಲಗಿದ್ದಾರೆ,” ಎನ್ನುತ್ತಾಳೆ ಮ್ಯಾನೇಜರ್.

“ಎಬ್ಬಿಸು ಮಗಳೇ. ಅವನ ಹಾಡು ಕೇಳೋಕೆ ಬಂದೋರು ನೀರಿಗೆ ಹೊರಟಿದ್ದಾರೆ.”

ಅದನ್ನು ಕೇಳಿಸಿಕೊಂಡ ಹ್ಯಾಡ್ಲಿ ಗಿಟಾರನ್ನು ಕೋಟಿನೊಳಗೆ ಮುಚ್ಚಿಕೊಂಡು ಬರಿಗಾಲಲ್ಲೇ ಓಡಿಬರುತ್ತಾನೆ. ವ್ಯಾನಿನಲ್ಲಿ ನಮ್ಮ ಮಂಡಿಗೆ ಮಂಡಿ ತಾಗಿಸಿಕೊಂಡು ಕೂತು ಹಾಡುತ್ತಾನೆ. ಅವನ ಹಿಂದೆ ಪಿಟೀಲಿನವರು, ಬ್ಯಾಂಜೋದವರು ಒಬ್ಬೊಬ್ಬರಾಗಿ ನುಗ್ಗುತ್ತಾರೆ. ಹಾಡು ಹಾಡಿನ ನಡುವೆ ಆ ಒಡೆದ ದನಿ: “ಹಳ್ಳ ಇನ್ನೂ ಇಳಿದಿಲ್ಲ. ಎಲ್ಲೂ ಹೋಗ್ಬೇಡಿ. ಈಗ ಇನ್ನೊಂದು ಕೇಳಿ.”

ಗೇಟಿನ ಬಳಿಯ ಕಾರುಗಳ ದೀಪಗಳು ಒಂದೊಂದಾಗಿ ಆರುತ್ತವೆ. ಜನ ಎಂಜಿನ್ ನಿಲ್ಲಿಸಿದ್ದಾರೆ. ಹಾಡು ಮುಗಿಯುತ್ತಲೇ ಕತ್ತಲ ಬಯಲಿನ ತುಂಬ ಹಾರ್ನುಗಳು ಒಟ್ಟಿಗೆ ಮೊಳಗುತ್ತವೆ. ಅದು ಚಪ್ಪಾಳೆ! ಹ್ಯಾಡ್ಲಿ ಬಾಯಿ ತೆರೆದು ಕೇಳುತ್ತಾನೆ. “ನಂಗೆ ಇಂಥ ಚಪ್ಪಾಳೆ ಯಾವತ್ತೂ ಬಿದ್ದಿಲ್ಲ ಅಮ್ಮಾ,” ಎನ್ನುತ್ತಾನೆ. ವರ್ಲೀನ್ ಮನೆಯಿಂದ ತಂದ ಮೆಕ್ಕೆಜೋಳದ ರೊಟ್ಟಿ ಮುರಿದು ಅವನ ಕೈಗಿಡುತ್ತಾರೆ. “ತಿನ್ನು. ಇನ್ನೂ ಬಹಳ ಹಾಡ್ಬೇಕು.”

ನೀರು ಇಳಿದು ಪೊಲೀಸರು ದಾರಿ ಬಿಟ್ಟುಕೊಟ್ಟ ಮೇಲೆಯೇ ವರ್ಲೀನ್ ಮೈಕು ಆರಿಸಿದ್ದು.

ಸೋಮವಾರ ಕಾರ್ಯಕ್ರಮ ಮುಗಿಸಿ ಹೊರಬಂದ ಅವರನ್ನು ಸ್ಟೇಷನ್ನಿನ ಮೆಟ್ಟಿಲ ಮೇಲೆ ಮಾತಾಡಿಸುತ್ತೇನೆ. ಹಾಡಿನ ಬಗ್ಗೆಯಾಗಲಿ, ಹ್ಯಾಡ್ಲಿಯ ಬಗ್ಗೆಯಾಗಲಿ ಅವರು ಹೆಚ್ಚು ಹೇಳುವುದಿಲ್ಲ. ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಪಕ್ಕ ಕೂರುತ್ತಾರೆ.

“ಪ್ರತಿ ಸೋಮವಾರ ನಾನು ಮೈಕಲ್ಲಿ ಮೊದ್ಲು ಓದೋದು, ಶನಿವಾರ ಭಾನುವಾರ ತೀರಿಕೊಂಡೋರ ಹೆಸ್ರು,” ಎನ್ನುತ್ತಾರೆ. “ಇವತ್ತು ಓದೋಕೆ ಒಂದೂ ಇರ್ಲಿಲ್ಲ.”